ಹದಿನಾರು ಮಂದಿಯ ಮರೆವು

ಮೊದಲರ್ಧ ಮುಗಿಯಲು ಎರಡು ನಿಮಿಷವಿದ್ದಾಗ, ಚೆಂಡಿಗೆಂದು ಹಾರಿದ ಗೋಲ್‌ಕೀಪರ್ ಹುಡುಗಿಯ ತಲೆ ಗೋಲ್ ಕಂಬಕ್ಕೆ ಬಡಿಯಿತು. ಬೆಂಚಿನಲ್ಲಿ ಕೂತಿದ್ದ ತಂಡದ ನರ್ಸ್‌ಗೂ ಆ ಸದ್ದು ಕೇಳಿಸಿತು. ಹುಡುಗಿ ಬೇರೆ ಯಾರೋ ಅಲ್ಲ, ಆಕೆಯ ಸ್ವಂತ ಅಕ್ಕನ ಮಗಳು. ಅವಳು ತಾನಾಗಿಯೇ ಎದ್ದಳು, ಕೈಗವಸು ಎಳೆದುಕೊಂಡಳು, ಮೈದಾನಕ್ಕೆ ಬೆನ್ನು ಹಾಕಿ ಬಲೆಯ ಕಡೆಗೆ ಮುಖ ಮಾಡಿ ನಿಂತಳು. ಒಂದು ಕ್ಷಣ ಅಷ್ಟೇ, ಆಮೇಲೆ ತಿರುಗಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಜನಕ್ಕೆ ಏನು ಹೇಳೋಣ! ತಲೆ ಒಡೆದುಕೊಂಡವಳು ಎದ್ದು ನಿಂತರೆ ಸಾಕು, ಶಿಳ್ಳೆ ಹೊಡೆಯುತ್ತಾರೆ.

ವಿರಾಮದ ಹೊತ್ತಿಗೆ ನರ್ಸ್ ಅವಳನ್ನು ಗ್ಯಾಲರಿಯ ಕೆಳಗಿನ ಕೋಣೆಗೆ ಕರೆದೊಯ್ದು ಕೂರಿಸಿದಳು. ಐದು ಪದ ಓದಿ ಹೇಳಿದಳು: ಚಾಕು, ಹಾಸಿಗೆ, ಕಿಟಕಿ, ಸಕ್ಕರೆ, ಬೆರಳು. ಐದು ನಿಮಿಷ ಬೇರೆ ಏನೇನೋ ಕೇಳಿ, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, "ಈಗ ಆ ಪದಗಳನ್ನ ಹೇಳು" ಅಂದಳು.

"ಕಿಟಕಿ. ಸಕ್ಕರೆ." ಹುಡುಗಿ ಗೋಡೆ ನೋಡಿದಳು. ತುಟಿ ಅಲುಗಾಡಿತು, ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಕೋಚ್ ಫೈಲು ಹಿಡಿದು ಒಳಗೆ ಬಂದ. ತಂಡದ ಪ್ರತಿ ಹುಡುಗಿಯ ನೆನಪನ್ನೂ ಪಂದ್ಯಗಳು ಶುರುವಾಗುವ ಮೊದಲೇ, ಆರಾಮಾಗಿದ್ದ ದಿನ, ಹೀಗೇ ಅಳೆದು ಬರೆದಿಡುವುದು ನಿಯಮ. ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಅಳೆಯಬೇಕು. ಮೊದಲಿಗಿಂತ ಕಡಿಮೆ ಬಂದರೆ ಆಟದಿಂದ ಹೊರಗೆ.

"ನೋಡಿ ಸಿಸ್ಟರ್, ಅವತ್ತೂ ಎರಡು, ಇವತ್ತೂ ಎರಡು. ಏನೂ ಆಗಿಲ್ಲ. ನಡಿಯಮ್ಮ, ಆಡು."

ನರ್ಸ್ ಹಾಳೆ ನೋಡಿದಳು. ನಿಜ, ಎರಡು ಅಂತಲೇ ಇತ್ತು. ಕೆಳಗೆ ತನ್ನದೇ ಸಹಿ. 'ಹದಿನಾರು ಜನ, ನಿಮಗ್ಯಾಕೆ ತೊಂದರೆ, ನಾನೇ ಕೂರಿಸಿ ಬರೆಸಿದೀನಿ' ಎಂದು ಈತ ಅವತ್ತು ಫೈಲು ಮುಂದಿಟ್ಟಿದ್ದ. ಆಕೆ ಕಣ್ಣೂ ಹಾಯಿಸದೆ ಸಹಿ ಗೀಚಿದ್ದಳು. ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

"ಎರಡೇ ಪದವಾ? ನಿಂಗಾ?" ಆಕೆ ಹುಡುಗಿಯ ಕಡೆ ತಿರುಗಿದಳು. "ಐದು ವರ್ಷದವಳಿದ್ದಾಗ ನಾನು ಕೊಡಿಸ್ತೀನಿ ಅಂತ ಹೇಳಿ ಕೊಡಿಸದೇ ಇದ್ದ ಚಪ್ಪಲಿ ಬಣ್ಣ ಇವತ್ತಿಗೂ ಹೇಳಿ ನನ್ನ ಪ್ರಾಣ ತಿಂತೀಯ. ಮನೆಯವರೆಲ್ಲರ ಫೋನ್ ನಂಬರು ನಿನ್ನ ಬಾಯಲ್ಲೇ ಇರುತ್ತೆ. ನಿಂಗೆ ಮರೆವು ಅಂದ್ರೆ ಯಾರಾದ್ರೂ ನಂಬ್ತಾರೇನೇ?"

"ಮರೆವು ಅಂದ್ರೆ ಮರೆವೇ ಚಿಕ್ಕಮ್ಮ. ಸುಮ್ನಿರು. ಇವತ್ತು ದೊಡ್ಡ ತಂಡಕ್ಕೆ ಆರಿಸೋರು ಬಂದಿದಾರೆ."

ನರ್ಸ್ ಮುಂದಿನ ಹಾಳೆ ತಿರುವಿದಳು. ಎರಡು. ಅದರ ಮುಂದಿನದು, ಎರಡು. ಹದಿನಾರು ಹಾಳೆ, ಹದಿನಾರರಲ್ಲೂ ಎರಡು. ಆಹಾ, ಎಂಥ ಒಗ್ಗಟ್ಟು! ಪಾಠ ಒಪ್ಪಿಸೋ ಹಾಗೆ ಮರೆವನ್ನೂ ಒಪ್ಪಿಸಿದ್ದಾರೆ. ಮೊದಲೇ ಕಡಿಮೆ ಬರೆಸಿಟ್ಟರೆ ಪೆಟ್ಟು ಬಿದ್ದ ಮೇಲೂ ಯಾರೂ ಹೊರಗೆ ಕೂರಬೇಕಾಗಿಲ್ಲ. ಆಕೆಯ ಮೈಯೆಲ್ಲ ಉರಿದುಹೋಯಿತು.

"ಹೀಗೆ ಹೇಳಿಕೊಟ್ಟೋರು ನೀವೇ ಅಲ್ವಾ?"

ಕೋಚ್ ನಕ್ಕ. "ಎಲ್ಲಾ ತಂಡದಲ್ಲೂ ಮಾಡ್ತಾರೆ ಸಿಸ್ಟರ್. ಸಣ್ಣಪುಟ್ಟ ಪೆಟ್ಟಿಗೆಲ್ಲ ಹೊರಗೆ ಕೂರಿಸಿದ್ರೆ ಆಡೋರ್ಯಾರು? ನಿಮ್ಮ ಹುಡುಗಿಯ ಒಳ್ಳೇದಕ್ಕೇ ಅಲ್ವಾ ಇದೆಲ್ಲ?"

"ಒಳ್ಳೇದಾ! ಪೆಟ್ಟು ತಿಂದ ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಏನಾಗುತ್ತೆ ಗೊತ್ತಾ ನಿಮಗೆ? ಮಿದುಳು ಊದಿಕೊಳ್ಳುತ್ತೆ. ಆಟ ಹಾಳಾಗಲಿ, ಜೀವಾನೇ ಹೋಗಬಹುದು!"

"ಹಾಳೆ ಸರಿಯಿದೆ. ಸಹಿ ನಿಮ್ಮದೇ ಇದೆ." ಕೋಚ್ ಹುಡುಗಿಯ ಬೆನ್ನು ತಟ್ಟಿ ಎಬ್ಬಿಸಿದ. ಅವಳು ಎದ್ದವಳೇ ಚಿಕ್ಕಮ್ಮನ ಮುಖವನ್ನೂ ನೋಡದೆ ಹೊರಟಳು.

ನರ್ಸ್ ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದಳು. ಮಧ್ಯದ ಗೆರೆಯ ಹತ್ತಿರ ನಿಂತಿದ್ದ ರೆಫರಿಯ ಕೈಗೇ ಅದನ್ನು ಕೊಟ್ಟಳು. "ಇವೆಲ್ಲ ಸುಳ್ಳು ಲೆಕ್ಕ. ಸಹಿ ನನ್ನದೇ, ಓದದೆ ಹಾಕಿದ್ದು. ನನ್ನ ಮೇಲೂ ದೂರು ಬರ್ಕೊಳ್ಳಿ. ಆದರೆ ಆ ಹುಡುಗಿ ಇನ್ನೊಂದು ನಿಮಿಷನೂ ಮೈದಾನದಲ್ಲಿ ಇರಬಾರದು."

ರೆಫರಿ ನಾಲ್ಕು ಹಾಳೆ ತಿರುವಿದ. ಐದನೆಯದನ್ನು ನೋಡಲಿಲ್ಲ. ಬದಲಿ ಕೀಪರ್‌ಗೆ ಕೈಸನ್ನೆ ಮಾಡಿದ. ಕೋಚ್ ಗಂಟಲು ಹರಿಯುವಂತೆ ಕೂಗಾಡಿದ. ನಾಳೆಯಿಂದ ನೀವು ಬರೋದೇ ಬೇಡ ಎಂದ. "ಬರಲ್ಲ, ಹೋಗ್ರಿ!" ಎಂದು ನರ್ಸ್ ಎಲ್ಲರಿಗೂ ಕೇಳುವಂತೆ ಹೇಳಿ, ಹುಡುಗಿಯ ರಟ್ಟೆ ಹಿಡಿದು ಆ್ಯಂಬುಲೆನ್ಸ್ ಹತ್ತಿಸಿದಳು.

ಬಾಗಿಲು ಮುಚ್ಚಿದ್ದೇ ತಡ, ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಬಾಳು ಹಾಳು ಮಾಡಿದೆ. ನಿನ್ನ ಮುಖ ನೋಡಲ್ಲ ಇನ್ನು."

"ನೋಡಬೇಡ ಬಿಡು! ಬದುಕಿದ್ದು ನೋಡಬೇಡ, ಅಷ್ಟು ಸಾಕು ನಂಗೆ." ನರ್ಸ್‌ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೋಚ್ ಮೇಲಿನದು, ತನ್ನ ಸಹಿಯ ಮೇಲಿನದು, ಎಲ್ಲ ಸೇರಿ ಹುಡುಗಿಯ ಮೇಲೆ ಸುರಿಯಿತು. "ಅವತ್ತು ನಾಟಕ ಆಡಿದೆ. ಇವತ್ತೂ ಆಡಿದೆಯಾ? ಆ ಮನುಷ್ಯ ಹೇಳಿಕೊಟ್ಟ ಅಂತ ಇವತ್ತೂ ಲೆಕ್ಕ ಇಟ್ಟು ಎರಡೇ ಹೇಳಿದೆಯೇನೇ? ಆಸ್ಪತ್ರೆಲಿ ಡಾಕ್ಟರ್ ಕೇಳ್ತಾರೆ. ಯಾವುದು ನಿಜ, ಯಾವುದು ಸುಳ್ಳು ಅಂತ ಹೇಳ್ಲಿ ನಾನು?"

ಹುಡುಗಿಯ ಅಳು ನಿಂತಿತು.

"ಇವತ್ತು ಐದೂ ಹೇಳೋಣ ಅಂತಾನೇ ಇದ್ದೆ ಚಿಕ್ಕಮ್ಮ," ಅಂದಳು. "ಐದೂ ಹೇಳಿ ನಿನ್ನ ಬಾಯಿ ಮುಚ್ಚಿಸೋಣ ಅಂತ. ಎಷ್ಟು ಹುಡುಕಿದೆ ಗೊತ್ತಾ? ಬರಲಿಲ್ಲ. ಈಗ ಆ ಎರಡೂ ಬರ್ತಿಲ್ಲ."

ನರ್ಸ್ ಮುಂದಿನ ಗಾಜನ್ನು ಅಂಗೈಯಿಂದ ದಬದಬ ಬಡಿದು, ಗಾಡಿಯನ್ನು ಇನ್ನೂ ಜೋರಾಗಿ ಓಡಿಸುವಂತೆ ಚಾಲಕನಿಗೆ ಕೂಗಿದಳು.