ಹೆಂಡತಿ ಪಾಲಿನ ಎಡಗೈ

“ಬಲಗೈದು ನಂದು, ಎಡಗೈದು ನಮ್ಮನೆಯವಳ್ದು ಅಂತ ತಿಳ್ಕಳಿ ಸಿದ್ದಯ್ಯೋರೆ. ಶಿವನ ಎಡಗಡೆ ಅರ್ಧ ಯಾರು? ಪಾರ್ವತಿ ತಾನೆ?”

ಮರಿಮಲ್ಲಪ್ಪ ತನ್ನ ಮನೆಯ ಜಗಲಿಯ ಮೇಲೆ ಎರಡೂ ಕೈ ಚಾಚಿ ಕುಳಿತಿದ್ದ. ಸೂಜಿ ಹಿಡಿದಿದ್ದ ಕಾಂಪೌಂಡರ್ ಸಿದ್ದಯ್ಯ ಆಚೀಚೆ ನೋಡಿದ. ಗಂಡಸರ ರಕ್ತಕ್ಕೂ ಹೆಂಗಸರ ರಕ್ತಕ್ಕೂ ಏನು ವ್ಯತ್ಯಾಸ ಎಂದು ಊರೂರು ತಿರುಗಿ ಪರೀಕ್ಷೆ ಮಾಡುತ್ತಿದ್ದ ಮೈಸೂರಿನ ಡಾಕ್ಟರಮ್ಮ ಅವತ್ತು ಬೇಗೂರಿಗೆ ಬಂದಿದ್ದರು. ಬಂದವರು ರಕ್ತ ತೆಗೆಯುವುದನ್ನು ಸಿದ್ದಯ್ಯನಿಗೆ ಬಿಟ್ಟು ಹಿಂದಿನ ಬೀದಿಯ ಬಾಣಂತಿಯೊಬ್ಬಳನ್ನು ನೋಡಿ ಬರಲು ಹೋಗಿದ್ದರು. ಜಗಲಿಯ ತುಂಬ ಗಂಡಸರು. ಪರಗಂಡಸಿನ ಕೈಗೆ ನಮ್ಮ ಹೆಂಗಸರು ಬೆರಳು ಕೊಡುವುದುಂಟೆ ಎಂದು ಅವರೇ ಹೇಳಿ ಮುಗಿಸಿದ್ದರು. ಹೆಂಗಸರನ್ನು ಯಾರೂ ಕೇಳಿರಲಿಲ್ಲ.

“ಡಾಕ್ಟ್ರಮ್ಮೋರು ಒಪ್ತಾರಾ ಇದ?”

“ಒಂದೇ ಮಡಕೆ ಹಿಟ್ಟು ತಿನ್ನೋರಿಗೆ ರಕ್ತ ಎಲ್ಲಿಂದ ಬ್ಯಾರೆ ಆದದು? ಚುಚ್ಚಿ ಸುಮ್ನೆ.”

ಬಿಸಿಲು ಏರುತ್ತಿತ್ತು. ಸಿದ್ದಯ್ಯ ಚುಚ್ಚಿದ. ಬಲಗೈಯ ಹನಿ ಗಂಡಸರ ಕಾಗದಕ್ಕೆ, ಎಡಗೈಯ ಹನಿ ಹೆಂಗಸರ ಕಾಗದಕ್ಕೆ ಅಂಟಿತು. ಮುಂದಿನವನು ಶಿವಮಲ್ಲಪ್ಪ. ಇಬ್ಬರು ಹೆಂಡಿರ ಗಂಡ. ನ್ಯಾಯವಾಗಿ ಎಡಗೈಯಲ್ಲೇ ಎರಡು ಬೆರಳು ಚುಚ್ಚಿಸಿಕೊಂಡ.

ಡಾಕ್ಟರಮ್ಮ ಬಂದು, ಕಾಗದಗಳನ್ನು ರಕ್ತದ ಕೆಂಪು ಅಳೆಯುವ ಬಣ್ಣದ ಪಟ್ಟಿಯ ಪಕ್ಕದಲ್ಲಿ ಹಿಡಿದು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ನಾನು ಹೋದ ಊರಲ್ಲೆಲ್ಲ ಹೆಂಗಸರ ರಕ್ತ ಬಣ್ಣಗೆಟ್ಟಿತ್ತು. ನಿಮ್ಮಲ್ಲಿ ಗಂಡನದೂ ಹೆಂಡತಿಯದೂ ಒಂದೇ ಕೆಂಪು. ಏನು ತಿನ್ನಿಸ್ತೀರಿ ಅವರಿಗೆ?”

“ನಾವ್ ತಿನ್ನದೇ ತಿನ್ನುಸ್ತೀವಿ ಕಣವ್ವ,” ಎಂದು ಮರಿಮಲ್ಲಪ್ಪ ಮೀಸೆ ಸವರಿಕೊಂಡ.

“ಹಾಗಾದರೆ ಇಲ್ಲಿಗೆ ಕಬ್ಬಿಣದ ಮಾತ್ರೆ ಬೇಡ. ಸಿದ್ದಯ್ಯ, ಡಬ್ಬ ಜೀಪಲ್ಲಿಡಿ. ಚಂದಕವಾಡಿ ಹೆಂಗಸರಿಗಾದರೂ ಆಗಲಿ.”

ಬಾಗಿಲ ಸಂದಿಯಲ್ಲಿ ಬಳೆಗಳು ಸದ್ದು ಮಾಡಿದವು. ಅಲ್ಲಿ ಮರಿಮಲ್ಲಪ್ಪನ ಹೆಂಡತಿ ದೊಡ್ಡಮಲ್ಲಮ್ಮ ನಿಂತಿದ್ದಳು. ಈಚೆಗೆ ಬಾವಿಯ ಹತ್ತಿರ ಕಣ್ಣು ಕತ್ತಲಿಟ್ಟು ಬಿದ್ದಿದ್ದಳು. ಕೊಡ ಒಡೆದದ್ದಕ್ಕೆ ಅತ್ತೆಯಿಂದ ಬೈಸಿಕೊಂಡಿದ್ದಳು. ತಲೆ ತಿರುಗುವುದಕ್ಕೆ ಮಾತ್ರೆ ಬಂದಿದೆಯಂತೆ ಎಂದು ಬೆಳಗಿನಿಂದ ಆ ಡಬ್ಬದ ಮೇಲೇ ಕಣ್ಣಿಟ್ಟಿದ್ದಳು. ಈಗ ಡಬ್ಬ ಜೀಪು ಹತ್ತಿತು. ದೊಡ್ಡಮಲ್ಲಮ್ಮ ಸೆರಗು ಹೊದ್ದು, ಜಗಲಿ ಇಳಿದು, ನೇರವಾಗಿ ಹೋಗಿ ಡಾಕ್ಟರಮ್ಮನ ಮುಂದೆ ಕೈ ನೀಡಿದಳು.

“ನನ್ ಕೈಯ ಚುಚ್ಚಿ ನೋಡವ್ವ.”

“ನೀವು ಮರಿಮಲ್ಲಪ್ಪನವರ ಮನೆಯವರಲ್ವ? ನಿಮ್ಮದು ಆಗಲೇ ಆಯ್ತಲ್ಲಮ್ಮ.”

“ಯಾವಾಗ ಆಯ್ತೋ ನಾ ಕಾಣೆ.”

ಡಾಕ್ಟರಮ್ಮ ತಾವೇ ಚುಚ್ಚಿದರು. ಕಾಗದಕ್ಕೆ ಇಳಿದ ಹನಿ ನೀರಿಗೆ ಬಿದ್ದ ಕುಂಕುಮದಂತೆ ತೆಳ್ಳಗಿತ್ತು. ಅವರು ಜಗಲಿಯ ಕಡೆ ತಿರುಗಿದರು. ಗಂಡಸರ ಎಡಗೈಗಳೆಲ್ಲ ಒಟ್ಟಿಗೇ ಹೆಗಲ ಮೇಲಿನ ವಲ್ಲಿಯೊಳಗೆ ಹೋದವು. ಶಿವಮಲ್ಲಪ್ಪ ಮಾತ್ರ ಎರಡೂ ಬೆರಳು ಬಾಯಲ್ಲಿಟ್ಟು ಚೀಪುತ್ತಿದ್ದ.

“ಏನ್ರೀ ಸಿದ್ದಯ್ಯ ಇದು?”

“ಶಿವನ ಎಡಗಡೆ ಅರ್ಧ ಪಾರ್ವತಿ ಅಂದ್ರು, ಅಮ್ಮಾವ್ರೆ…”

ಡಾಕ್ಟರಮ್ಮನ ಬಾಯಿಗೆ ಬೈಗುಳ ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡರು.

“ಊಟ ಯಾವಾಗ ಮಾಡ್ತೀರಮ್ಮ?”

“ಇವರೆಲ್ಲ ಉಂಡ್ ಮ್ಯಾಲೆ.”

“ಸೊಪ್ಪು, ಕಾಳು?”

“ಮಿಕ್ಕಿದ್ರೆ ಉಂಟು.”

ಡಬ್ಬ ಜೀಪಿನಿಂದ ಇಳಿಯಿತು. ಒಳಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಈಚೆಗೆ ಬಂದರು.

ಮಧ್ಯಾಹ್ನ ಮರಿಮಲ್ಲಪ್ಪ ತಲೆ ಎತ್ತದೆ ಊಟಕ್ಕೆ ಕುಳಿತ. ದೊಡ್ಡಮಲ್ಲಮ್ಮ, ಸೆರಗಿನ ತುದಿಗೆ ಮಾತ್ರೆ ಕಟ್ಟಿಕೊಂಡವಳು, ತಣಿಗೆಗೆ ಮುದ್ದೆ ಹಾಕಿ ಸೊಪ್ಪಿನ ಸಾರು ಬಿಟ್ಟಳು.

“ಹೊಟ್ಟೆ ಎಡಗಡೆ ಒಸಿ ಜಾಗ ಮಡೀಕಳಿ. ನನ್ ಪಾಲೂ ನೀವೇ ಉಂಡ್ಬುಡಿ.”

“ಸುಮ್ನಿರು ಕಣಮ್ಮಿ.”

ಅವನು ಮುದ್ದೆಯನ್ನು ನಡುವೆ ಮುರಿದ. ಆಮೇಲೆ, ಚುಚ್ಚಿದ ಬೆರಳನ್ನು ಮೇಲೆತ್ತಿಕೊಂಡು, ಗೋಡೆಗೆ ಒರಗಿಸಿದ್ದ ಇನ್ನೊಂದು ಮಣೆಯನ್ನು ಎಡಗೈಯಿಂದ ಎಳೆದು ತನ್ನ ಪಕ್ಕಕ್ಕೆ ಹಾಕಿದ.