ಮೆಲ್ಲಗೆ ಕಣ್ಣು ಬಿಡಿ, ಸಿಸ್ಟರ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೊದಲ ಡ್ರಾಫ್ಟಿನಲ್ಲಿ ಅವಳು ಧ್ಯಾನಕ್ಕೆ ಕಣ್ಣು ಮುಚ್ಚುವುದರಿಂದ ಶುರು ಮಾಡಿದ್ದೆ. ಒಂದೂವರೆ ಪುಟ ಆದ ಮೇಲೆ ಗೊತ್ತಾಯಿತು, ಕಣ್ಣು ಮುಚ್ಚಿ ಕೂತವರ ಬಗ್ಗೆ ಓದುತ್ತಾ ಓದುತ್ತಾ ನೀವೂ ಕಣ್ಣು ಮುಚ್ಚಿಬಿಡುತ್ತೀರಿ ಎಂದು. ಹರಿದು ಹಾಕಿದೆ. ಈಗ ಧ್ಯಾನದ ಕೊನೆಯ ಐದು ನಿಮಿಷದಿಂದ ಶುರು ಮಾಡುತ್ತೇನೆ. ಕಷ್ಟವೆಲ್ಲ ಇರುವುದು ಅಲ್ಲೇ.

ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಹದಿನಾಲ್ಕು ಚಾಪೆ, ಹದಿನಾಲ್ಕು ಜನ. ಎದುರಿಗೆ ಕುರ್ಚಿಯಲ್ಲಿ ಮೇಷ್ಟ್ರು. (ಧ್ಯಾನ ಕಲಿಸುವವರು ಕುರ್ಚಿಯಲ್ಲಿ ಕೂರುವುದೇ ಎನ್ನಬೇಡಿ. ಅವರು ಮೊದಲು ಈಜು ಕಲಿಸುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ನೀರು ಬಿಟ್ಟು ಇತ್ತ ಬಂದರು.)

"ಮೇಲಕ್ಕೆ ಬರೋವಾಗ ಆತುರ ಬೇಡ," ಎಂದರು ಮೇಷ್ಟ್ರು. "ಮೊದಲು ಸದ್ದು ಕೇಳಿಸ್ಕೊಳ್ಳಿ. ಫ್ಯಾನು. ಕೆಳಗಡೆ ರಸ್ತೆ. ಈಗ ಕೈಬೆರಳ ತುದಿ ಮಾತ್ರ ಅಲ್ಲಾಡಿಸಿ. ಆಮೇಲೆ ಕಾಲ್ಬೆರಳು. ಅಂಗೈ ಉಜ್ಜಿ, ಬಿಸಿಯಾದ್ಮೇಲೆ ಕಣ್ಣ ಮೇಲಿಟ್ಕೊಳ್ಳಿ. ಆ ಕತ್ತಲಲ್ಲೇ ಕಣ್ಣು ಬಿಡಿ. ಬೆರಳು ಸ್ವಲ್ಪ ಸಡಿಲ ಮಾಡಿ, ಬೆಳಕು ತಾನೇ ಒಳಗೆ ಬರಲಿ. ಎದ್ದ ತಕ್ಷಣ ಮೊಬೈಲಿಗೆ ಕೈಹಾಕಬೇಡಿ. ಅದೆಲ್ಲೂ ಓಡಿಹೋಗಲ್ಲ."

ಹದಿಮೂರು ಜನ ಮೇಲಕ್ಕೆ ಬಂದರು. ಒಬ್ಬರು ಆಕಳಿಸಿದರು, ಒಬ್ಬರು ಜೋಮು ಹಿಡಿದ ಕಾಲು ತಟ್ಟಿಕೊಂಡರು. ಕಿಟಕಿ ಪಕ್ಕದ ಚಾಪೆಯ ಮೇಲಿದ್ದವಳು ಮಾತ್ರ ಕದಲಲಿಲ್ಲ. ಬೆರಳಿನ ತುದಿಯೂ ಅಲ್ಲಾಡಲಿಲ್ಲ. ಅವಳೇ ನಮ್ಮ ಕಥೆಯವಳು. ಎರಡು ತಿಂಗಳಿಂದ ದಿನಾ ಹೀಗೇ. ಎಲ್ಲರೂ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದ ಮೇಲೆ ಯಾವಾಗಲೋ ಕಣ್ಣು ಬಿಡುತ್ತಾಳೆ. ಬಿಟ್ಟ ಮೇಲೂ ಅವಳ ಮುಖ ರೈಲು ತಪ್ಪಿಸಿಕೊಂಡವರ ಮುಖದಂತಿರುತ್ತದೆ.

೨

ಅವಳ ಕೆಲಸವೇನೆಂದು ಹೇಳಿದರೆ ನಗುತ್ತೀರಿ. ಜನರನ್ನು ಎಬ್ಬಿಸುವುದು.

ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆದವರನ್ನು ಮಂಪರಿನಲ್ಲೇ ತಳ್ಳಿಕೊಂಡು ಬಂದು ಮಲಗಿಸುವ ಕೋಣೆಯ ನರ್ಸು ಅವಳು. ಬೆರಳಿಗೆ ಕ್ಲಿಪ್ಪು ಸಿಕ್ಕಿಸುತ್ತಾಳೆ, ಎದೆ ಏರಿಳಿಯುವುದನ್ನು ನೋಡುತ್ತಾಳೆ, ಸಮಯ ನೋಡಿ ಕಿವಿಯ ಹತ್ತಿರ ಬಗ್ಗಿ, "ಆಪರೇಷನ್ ಮುಗೀತು. ಎಲ್ಲಾ ಚೆನ್ನಾಗಾಯ್ತು. ಮೆಲ್ಲಗೆ ಕಣ್ಣು ಬಿಡಿ," ಎನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇದೇ ಮಾತು. ಎದ್ದವರು ಏನೇನೋ ಅನ್ನುತ್ತಾರೆ. ಒಬ್ಬ ಡ್ರೈವರ್ ಅವಳ ಕೈ ಹಿಡಿದು ಗೇರ್ ಬದಲಿಸಿದ್ದ. ಎಪ್ಪತ್ತು ವರ್ಷದ ವಕೀಲರು "ಅಮ್ಮಾ, ಇವತ್ತು ಸ್ಕೂಲಿದೆಯಾ?" ಎಂದಿದ್ದರು. "ಇಲ್ಲಪ್ಪ, ರಜಾ" ಎಂದಿದ್ದಳು ಅವಳು.

ಎಲ್ಲರೂ ಕರೆಯುವುದು ಸಿಸ್ಟರ್ ಎಂದು. ಊರಿಗೆಲ್ಲ ಸಿಸ್ಟರ್. ಒಡಹುಟ್ಟಿದ ಅಕ್ಕ ಮಾತ್ರ ನಾಲ್ಕು ವರ್ಷದಿಂದ ಅವಳ ಹತ್ತಿರ ಮಾತಾಡಿಲ್ಲ.

(ಈ ಶ್ಲೇಷೆ ನನ್ನದಲ್ಲ, ಬದುಕಿನದು. ತೆಗೆದುಹಾಕೋಣವೆಂದು ಎರಡು ಸಲ ಹೊಡೆದು ಹಾಕಿದೆ. ಮತ್ತೆ ತಾನೇ ಬಂದು ಕೂತಿತು.)

ನಡೆದದ್ದಿಷ್ಟು. ಅವರ ಅಮ್ಮ ಹೃದಯದ ತೊಂದರೆಯಿಂದ ಅದೇ ಆಸ್ಪತ್ರೆ ಸೇರಿದ್ದರು. ಒಂಬತ್ತು ದಿನ ಅಕ್ಕ ಅಮ್ಮನ ಹಾಸಿಗೆಯ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಇವಳೇ, "ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬಾ, ನಾನಿದೀನಲ್ಲ," ಎಂದು ಕಳಿಸಿದಳು. ಮಧ್ಯಾಹ್ನ ಹನ್ನೆರಡಕ್ಕೆ ಅಮ್ಮ ಹೋಗಿಬಿಟ್ಟರು. ಅಕ್ಕ ಒದ್ದೆ ಕೂದಲಲ್ಲೇ ಓಡಿಬಂದಳು. ಅಮ್ಮನ ಮುಖ ನೋಡಿದಳು, ತಂಗಿಯ ಮುಖ ನೋಡಿದಳು.

"ಊರೋರನ್ನೆಲ್ಲ ಎಬ್ಬಿಸ್ತೀಯ. ಅಮ್ಮನ್ನ ಎಬ್ಬಿಸೋಕಾಗ್ಲಿಲ್ವಾ ನಿಂಗೆ?"

ಅದೇ ಕೊನೆ ಮಾತು. ಆಮೇಲೆ ಮಾಡಿದ ಫೋನು ಎತ್ತಲಿಲ್ಲ, ಹೋದರೆ ಬಾಗಿಲು ತೆರೆಯಲಿಲ್ಲ. ಭಾವ ಮಾತ್ರ ತಿಂಗಳಿಗೊಮ್ಮೆ ಕದ್ದು ಫೋನ್ ಮಾಡುತ್ತಾನೆ. "ನಿಮ್ಮಕ್ಕ ಚೆನ್ನಾಗಿದಾಳೆ. ಮೂಗಿನ ಮೇಲಿನ ಕೋಪನೂ ಚೆನ್ನಾಗಿದೆ."

ಕಣ್ಣು ಮುಚ್ಚಿದರೆ ಅವಳು ಹೋಗುವುದು ಎಲ್ಲಿಗೆ ಎಂದು ಈಗ ಹೇಳಬಹುದು. ಒಂದು ಕಬ್ಬಿಣದ ಮಂಚಕ್ಕೆ. ಅವಳಿಗೆ ಆರು ವರ್ಷ, ಅಕ್ಕನಿಗೆ ಹತ್ತು. ಒಂದೇ ಹೊದಿಕೆ. ಮೇಲೆ ತಾರಸಿಯಲ್ಲೊಂದು ಉದ್ದನೆಯ ಬಿರುಕು. ಅದು ನದಿಯೆಂದು ಅಕ್ಕ ಕಥೆ ಕಟ್ಟಿ ಹೇಳುತ್ತಿದ್ದಾಳೆ. ನದಿಯಲ್ಲಿ ದೋಣಿ, ದೋಣಿಯಲ್ಲಿ ಇಬ್ಬರು ಹುಡುಗಿಯರು, ಚಿಕ್ಕವಳಿಗೆ ಈಜು ಬರುವುದಿಲ್ಲ. ಅಕ್ಕನ ತೋಳು ಬಿಸಿಯಾಗಿ ಇವಳ ತೋಳಿಗೆ ತಗುಲಿಕೊಂಡಿದೆ. ಇಷ್ಟೇ. ಇಷ್ಟು ಬಿಟ್ಟು ಯಾರು ಎದ್ದು ಬರುತ್ತಾರೆ, ನೀವೇ ಹೇಳಿ.

೪

(ಮೂರು ಎಲ್ಲಿ ಎಂದಿರಾ? ಅದರಲ್ಲಿ ಧ್ಯಾನದ ಮಹತ್ವದ ಬಗ್ಗೆ ನನ್ನ ಒಂದು ಭಾಷಣವಿತ್ತು. ಪುಣ್ಯ ಮಾಡಿದ್ದೀರಿ, ತಪ್ಪಿಸಿಕೊಂಡಿರಿ.)

ಆ ಶುಕ್ರವಾರ ಮೇಷ್ಟ್ರು ಇನ್ನೂ "ಸದ್ದು ಕೇಳಿಸ್ಕೊಳ್ಳಿ" ಎನ್ನುವ ಹಂತದಲ್ಲಿದ್ದರು. ಹಿಂದಿನ ಸಾಲಿನ ವಿಮೆ ಏಜೆಂಟನಿಗೆ ಏನು ಗಡಿಬಿಡಿಯೋ, ಎದ್ದು ಹೋಗಿ ಪಟ್ಟನೆ ಎಲ್ಲ ಟ್ಯೂಬ್‌ಲೈಟ್ ಹಾಕಿದ. ಕಾಲಿಗೆ ಸ್ಟೀಲ್ ಬಾಟ್ಲಿ ತಗುಲಿ ಕೋಣೆಯ ಉದ್ದಕ್ಕೂ ಉರುಳಿತು.

"ಅಕ್ಕಾ!"

ಕಿಟಕಿ ಪಕ್ಕದವಳು ಕೂಗಿದ್ದು. ನಲವತ್ತೆಂಟು ವರ್ಷದ ಹೆಂಗಸು, ಆರು ವರ್ಷದ ಗಂಟಲಲ್ಲಿ. ಅವಳ ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿತ್ತು. ಆಮೇಲೆ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು. ಏಜೆಂಟ್ ನಾಲಿಗೆ ಕಚ್ಚಿಕೊಂಡು ನಿಂತ. ಮೇಷ್ಟ್ರು ಕಣ್ಣಲ್ಲೇ ಎಲ್ಲರನ್ನೂ ಆಚೆ ಕಳಿಸಿ, ಲೈಟು ಆರಿಸಿ, ಕುಂಟುತ್ತ ಬಂದು ಪಕ್ಕದ ಚಾಪೆಯ ಮೇಲೆ ಕಷ್ಟಪಟ್ಟು ಕೂತರು. ಅಳು ತಾನೇ ತಗ್ಗುವವರೆಗೂ ಕಾದರು.

"ಒಳಗಡೆ ಯಾರಿದಾರೆ?"

"ನಮ್ಮಕ್ಕ."

"ತೀರ್ಕೊಂಡ್ರಾ?"

"ಇಲ್ಲ. ಇಲ್ಲಿಂದ ಎರಡು ಸ್ಟಾಪ್ ಆಚೆ ಇದಾಳೆ. ಇಸ್ತ್ರಿ ಅಂಗಡಿ."

ಮೇಷ್ಟ್ರು ಕಕ್ಕಾಬಿಕ್ಕಿಯಾದರು. "ಎರಡು ಸ್ಟಾಪ್ ದೂರ ಇರೋರನ್ನ ಹುಡುಕೋಕೆ ಇಷ್ಟು ಆಳಕ್ಕೆ ಯಾಕಮ್ಮ ಇಳೀತೀರಿ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ನಗುವಿನ ಹಿಂದೆಯೇ ಮತ್ತೆ ಅಳು.

"ನೋಡಿ," ಎಂದರು ಮೇಷ್ಟ್ರು, "ಮುಳುಗೋದು ಯಾರು ಬೇಕಾದ್ರೂ ಕಲೀತಾರೆ. ನನ್ನ ಸರ್ವಿಸಲ್ಲಿ ನಾನು ಕಲಿಸಿದ್ದೆಲ್ಲ ಮೇಲೆ ಬರೋದನ್ನೇ. ಮೆಲ್ಲಗೆ ಬನ್ನಿ, ತಪ್ಪಿಲ್ಲ. ಆದ್ರೆ ಬನ್ನಿ."

ಎರಡು ಸಲ ಅಂಗೈ ಉಜ್ಜಿ, ಕಣ್ಣಿಗಿಟ್ಟುಕೊಂಡು, ಬೆರಳ ಸಂದಿಯಿಂದ ಅವಳು ಮೊದಲು ಚಾಪೆ ನೋಡಿದಳು, ಆಮೇಲೆ ಮೇಷ್ಟ್ರ ಊದಿದ ಮೊಣಕಾಲು, ಆಮೇಲೆ ಕಿಟಕಿಯಾಚೆ ಬಸ್ಸು.

೫

ಇಲ್ಲಿ ನಾನೊಂದು ತಿರುವು ಇಟ್ಟಿದ್ದೆ. ಮರುದಿನ ಡ್ಯೂಟಿಯಲ್ಲಿ ಹೊಸ ಪೇಷಂಟನ್ನು ತಳ್ಳಿಕೊಂಡು ಬರುತ್ತಾರೆ, ಹೊದಿಕೆ ಸರಿಸಿ ನೋಡಿದರೆ ಅಕ್ಕ! ಅವಳನ್ನು ಇವಳೇ ಎಬ್ಬಿಸಬೇಕು! ಬರೆದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

"ಯಾಕೆ, ನಮ್ಮಕ್ಕನಿಗೇನು ಬಂದಿದೆ ರೋಗ?" ಎಂದು ನನ್ನ ಮೇಲೆ ಹರಿಹಾಯ್ದಳು ಸಿಸ್ಟರ್. "ನಿಮ್ಮ ಕಥೆ ಚೆನ್ನಾಗಾಗ್ಲಿ ಅಂತ ಅವಳ ಹೊಟ್ಟೆ ಕುಯ್ಯಿಸ್ತೀರಾ? ಹೊಡೆದು ಹಾಕಿ ಅದನ್ನ."

ಹೊಡೆದು ಹಾಕಿದೆ. ಹಾಗಾದರೆ ನೇರ ಹೋಗಿ ಕ್ಷಮೆ ಕೇಳಮ್ಮ ಎಂದೆ. ನಿನ್ನ ತಪ್ಪೇನೂ ಇಲ್ಲವಲ್ಲ, ಸುಲಭ.

ಅವಳು ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು.

"ಹನ್ನೊಂದೂವರೆಗೇ ಗೊತ್ತಾಗಿತ್ತು ನಂಗೆ. ಅಮ್ಮನ ಉಸಿರು ಬದಲಾಗಿತ್ತು. ಇಷ್ಟು ವರ್ಷ ಉಸಿರನ್ನೇ ನೋಡ್ಕೊಂಡು ಬಂದವಳಿಗೆ ಗೊತ್ತಾಗಲ್ವಾ? ಫೋನ್ ಜೇಬಲ್ಲೇ ಇತ್ತು. ಅಕ್ಕ ಬರೋಕೆ ಹದಿನೈದು ನಿಮಿಷ ಸಾಕಿತ್ತು."

ಮತ್ತೆ ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿದೆ.

"ಒಂಬತ್ತು ದಿನವೂ ಅಮ್ಮ ಮಾತಾಡಿದ್ದೆಲ್ಲ ಅಕ್ಕನ ಜೊತೆ. ನಾನು ಹೋದ್ರೆ 'ಬಿಪಿ ಎಷ್ಟಿದೆ?' ಅಂತ ಕೇಳೋಳು. ಅವಳಿಗೆ ನಾನೂ ನರ್ಸ್ ಅಂತಾನೇ ಲೆಕ್ಕ. ಒಂದರ್ಧ ಗಂಟೆ ಅಮ್ಮ ನಂಗೆ ಒಬ್ಬಳಿಗೇ ಇರಲಿ ಅನ್ನಿಸ್ತು."

ಇದು ನನಗೆ ಗೊತ್ತಿರಲಿಲ್ಲ. ಕಥೆ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೆನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ.

೬

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಇಸ್ತ್ರಿ ಅಂಗಡಿಯ ಮುಂದೆ ಅವಳು ಎರಡು ಸಲ ಹಾದುಹೋದಳು. ಮೂರನೇ ಸಲ ಒಳಗಿನಿಂದ ಭಾವನೇ ನೋಡಿದ. ನೋಡಿದವನೇ, "ಅಯ್ಯೋ, ಹ್ಯಾಂಗರ್ ಖಾಲಿಯಾಗಿದೆ, ತರ್ತೀನಿ," ಎಂದು ಎದುರಿಗೆ ಇನ್ನೂರು ಹ್ಯಾಂಗರ್ ನೇತಾಡುತ್ತಿದ್ದರೂ ಅಲ್ಲಿಂದ ಕಾಲು ಕಿತ್ತ.

ಅಕ್ಕ ಬಿಳಿ ಶರ್ಟಿನ ಕಾಲರಿಗೆ ನೀರು ಚಿಮುಕಿಸುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು. ಭಾವ ಇದನ್ನೊಂದು ಹೇಳಿರಲಿಲ್ಲ.

"ಬಟ್ಟೆ ಅಲ್ಲಿಟ್ಟು ಹೋಗಿ. ಸಾಯಂಕಾಲ ಸಿಗತ್ತೆ," ಎಂದಳು ಅಕ್ಕ, ತಲೆಯೆತ್ತದೆ.

"ಬಟ್ಟೆ ತಂದಿಲ್ಲ ಅಕ್ಕ."

ಇಸ್ತ್ರಿ ಪೆಟ್ಟಿಗೆ ಕಾಲರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ವಾಪಸು ಬಂತು.

(ಇಲ್ಲಿಗೆ ಎರಡು ಅಂತ್ಯ ರೆಡಿ ಮಾಡಿಟ್ಟಿದ್ದೆ. ಒಂದರಲ್ಲಿ ಅಕ್ಕ ಓಡಿಬಂದು ತಬ್ಬಿಕೊಳ್ಳುತ್ತಾಳೆ. "ಅವಳು ಯಾವತ್ತೂ ಯಾರನ್ನೂ ತಬ್ಬಿಕೊಂಡವಳೇ ಅಲ್ಲ," ಎಂದು ಸಿಸ್ಟರ್ ಮುಖ ಸಿಂಡರಿಸಿದಳು. ಇನ್ನೊಂದರಲ್ಲಿ "ಆಚೆ ಹೋಗು" ಎಂದು ಕೂಗುತ್ತಾಳೆ. ಅದಕ್ಕೆ ಅಕ್ಕನೇ ಕೆಂಡವಾದಳು: "ಗಿರಾಕಿ ಬರೋ ಹೊತ್ತಲ್ಲಿ ನಾನ್ಯಾಕೆ ರಂಪ ಮಾಡ್ಲಿ?" ಎರಡನ್ನೂ ಎತ್ತಿಟ್ಟೆ.)

ಸಿಸ್ಟರ್ ನಿಂತೇ ಹೇಳಿದಳು. ಹನ್ನೊಂದೂವರೆಯ ಉಸಿರಿನ ವಿಷಯ ಹೇಳಿದಳು, ಜೇಬಿನಲ್ಲಿದ್ದ ಫೋನಿನ ವಿಷಯ ಹೇಳಿದಳು. ಅರ್ಧ ಗಂಟೆಯ ಆಸೆಯನ್ನೂ ಹೇಳಿದಳು. ಅಕ್ಕ ಕೇಳುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ. ಶರ್ಟಿನ ತೋಳು ಮಡಿಚುತ್ತಿದ್ದಳು, ಬಿಡಿಸುತ್ತಿದ್ದಳು, ಮತ್ತೆ ಪೆಟ್ಟಿಗೆ ಎಳೆಯುತ್ತಿದ್ದಳು.

"ಸಿಕ್ತಾ?" ಎಂದಳು ಕೊನೆಗೆ. "ನಿನ್ನ ಅರ್ಧ ಗಂಟೆ?"

"ಇಲ್ಲ."

"ಯಾಕೆ?"

"ಅಮ್ಮ ಒಂದು ಸಲ ಕಣ್ಣು ಬಿಟ್ಲು. ನನ್ನ ಮುಖ ಕಾಣಿಸ್ತಿರ್ಲಿಲ್ಲ ಅನ್ಸುತ್ತೆ. 'ದೊಡ್ಡವಳು ಬಂದ್ಲಾ?' ಅಂದ್ಲು."

ಇಸ್ತ್ರಿ ಪೆಟ್ಟಿಗೆ ನಿಂತಿತು.

"ನೀನೇನಂದೆ?"

"'ಬಂದೆ ಅಮ್ಮ, ನಾನೇ ದೊಡ್ಡವಳು' ಅಂದೆ." ಅವಳು ಬಲಗೈ ಮುಂದಕ್ಕೆ ಚಾಚಿದಳು. "ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು, ಅಕ್ಕ. ನಿನ್ನ ಕೈ ಅಂತ. ಕೊನೇವರೆಗೂ ಬಿಡ್ಲಿಲ್ಲ. ನಾಲ್ಕು ವರ್ಷದಿಂದ ಅದು ನನ್ನ ಹತ್ರ ಇದೆ, ಆದ್ರೆ ಅದು ನಂದಲ್ಲ. ನಿಂದು. ಕೊಟ್ಟು ಹೋಗೋಣ ಅಂತ ಬಂದೆ."

ಸುಟ್ಟ ವಾಸನೆ ಬಂತು. ಅಕ್ಕ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು. ಶರ್ಟಿನ ಬೆನ್ನ ಮೇಲೆ ಕಂದು ಬಣ್ಣದ ಕಲೆ ಬಿದ್ದಿತ್ತು. ಅವಳು ಅದನ್ನು ನೋಡಲಿಲ್ಲ. ತಂಗಿಯ ಬಲಗೈಯನ್ನೇ ನೋಡುತ್ತಿದ್ದಳು, ಅದು ಆಗಷ್ಟೇ ಅಂಗಡಿಗೆ ಬಂದ ವಸ್ತುವೇನೋ ಎಂಬಂತೆ. ಮುಟ್ಟಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿಯೊಬ್ಬರು ಬಂದು ನಿಂತರು. ಎಪ್ಪತ್ತು ದಾಟಿದ ಯಜಮಾನರು, ಕಂಕುಳಲ್ಲಿ ಬಟ್ಟೆ ಗಂಟು. "ನನ್ನ ಶರ್ಟ್ ಆಯ್ತೇನಮ್ಮ?"

ಸಿಸ್ಟರ್ ಕಣ್ಣೊರೆಸಿಕೊಂಡು ದಾರಿ ಬಿಟ್ಟು ಹೊರಡಲು ತಿರುಗಿದಳು.

"ಇರು," ಎಂದಳು ಅಕ್ಕ.

ಯಜಮಾನರು ಹುಬ್ಬೇರಿಸಿದರು. ಅಷ್ಟು ವರ್ಷದ ಪರಿಚಯದಲ್ಲಿ ಅವಳು ಅವರಿಗೆ ಏಕವಚನ ಬಳಸಿದವಳಲ್ಲ. ಆಮೇಲೆ ಬಾಗಿಲ ಹತ್ತಿರ ನಿಂತವಳ ಮುಖ ನೋಡಿದರು. ಆ ಮಾತು ತಮಗಲ್ಲವೆಂದು ಅವರಿಗೂ ಅರ್ಥವಾಗಿ, ಗಂಟು ಕೆಳಗಿಟ್ಟು, ರಸ್ತೆಯ ಕಡೆ ಮುಖ ಮಾಡಿ ನಿಂತರು.

೭

ಎಷ್ಟು ಹೊತ್ತು ಇರು? ಯಜಮಾನರು ಹೋಗುವವರೆಗಾ, ಮಧ್ಯಾಹ್ನದವರೆಗಾ? ಬೈಸಿಕೊಳ್ಳಲು ಇರು ಎಂದಳಾ? ಕೇಳಿದರೆ ಅಕ್ಕ ನನ್ನತ್ತ ತಿರುಗಿಯೂ ನೋಡುತ್ತಿಲ್ಲ. ಈ ಪುಟದ ಕೆಳಗೆ ಇನ್ನೂ ಅರ್ಧ ಜಾಗವಿದೆ, ನನ್ನ ಕೈ ತುರಿಸುತ್ತಿದೆ. ಕನಿಷ್ಠ ಪಕ್ಷ ಭಾವನನ್ನಾದರೂ ಹ್ಯಾಂಗರ್ ಸಮೇತ ವಾಪಸು ಕರೆಸೋಣವೆಂದು ಒಂದು ವಾಕ್ಯ ಶುರು ಮಾಡಿದೆ.

ಸಿಸ್ಟರ್ ಬಂದು ನನ್ನ ಪೆನ್ನಿನ ಮೇಲೆ ಕೈಯಿಟ್ಟಳು.

"ಸಾಕು. ನೀವೂ, ನಿಮ್ಮ ಓದುಗರೂ ಮನೆಗೆ ಹೋಗಿ," ಎಂದಳು. "ನಾನು ಇಲ್ಲೇ ಸ್ವಲ್ಪ ಇರ್ತೀನಿ."