ಅಟ್ಟ ಸೇರಿದ ವಾಕರ್

ಮಹಮೂದಾಬೇಗಂ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಹಾವೇರಿಯ ದವಾಖಾನೆಯಲ್ಲಿ ಆಪರೇಷನ್ ಆಗಿ, ಆಟೋದಲ್ಲಿ ಬ್ಯಾಡಗಿಯ ತನ್ನ ಓಣಿಗೆ ಮರಳಿದಾಗ ಗಂಡ ರಹಿಮಾನಸಾಬ ಯಾರಿಗೂ ಕೈ ಹಚ್ಚಗೊಡಲಿಲ್ಲ. ಎಪ್ಪತ್ತರ ಮುದುಕ, ತಾನೇ ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದ.

“ಮೂವತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತೇನಿ. ಇಕಿ ಏನ್ ನನಗ ಭಾರ?” ಎಂದ.

ಪೇಟೆಯಲ್ಲಿ ಹಮಾಲಿ ಮಾಡಿ ಮಕ್ಕಳನ್ನು ದಡ ಸೇರಿಸಿದವನು ಅವನು. ಅಕ್ಕರೆಯನ್ನು ಬಾಯಲ್ಲಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಹೊರುವುದೊಂದು ಬರುತ್ತಿತ್ತು.

ಮಾತಾಡಿಸಲು ಓಣಿಯ ಹೆಂಗಸರು ಬಂದರು. ಬಾಳೆಹಣ್ಣು, ಬಿಸ್ಕೀಟು ಇಟ್ಟರು. ಹಿಡಿದು ನಡೆಯಲೆಂದು ದವಾಖಾನೆಯವರು ಕೊಟ್ಟು, ಗೋಡೆಗೆ ಆನಿಸಿದ್ದ ವಾಕರ್ ಕಂಡು ಬಾಯಿಗೆ ಸೆರಗು ಹಚ್ಚಿದರು.

“ಹಸೀ ಗಾಯ, ಇಷ್ಟ ಲಗೂ ನಡಸೋದಾ? ಮನ್ಯಾಗ ಮಾಡಾವ್ರು ಯಾರೂ ಇಲ್ಲೇನು?” ಎಂದಳು ಒಬ್ಬಾಕೆ.

ಆ ಮಾತು ರಹಿಮಾನಸಾಬನ ಎದೆಗೆ ನಾಟಿತು. ಅಂದು ಸಂಜೆಯೇ ವಾಕರ್ ಅಟ್ಟ ಸೇರಿತು, ಹಳೆ ಚೀಲಗಳ ಹಿಂದೆ. ನಾನಿರುವ ತನಕ ಇವಳ ಕಾಲು ನೆಲಕ್ಕೆ ತಾಗಬಾರದು ಎಂದು ಅವನ ಹಟ.

ಎಂಟು ದಿನ ಹಾಗೇ ನಡೆದುಕೊಂಡ. ಉಣ್ಣಿಸಿದ, ಮೈ ಒರೆಸಿದ, ಗುಳಿಗೆ ತಪ್ಪಿಸಲಿಲ್ಲ. ಬೆಡ್‌ಪ್ಯಾನ್ ಕೂಡ ತಾನೇ ಇಟ್ಟ, ತಾನೇ ತೊಳೆದ. ಆದರೂ ಅವಳು ದಿನದಿಂದ ದಿನಕ್ಕೆ ಸೊರಗಿದಳು. ಚಹಾ ಎಂದರೆ ಜೀವ ಬಿಡುತ್ತಿದ್ದವಳು ಅರ್ಧ ಕಪ್ಪು ಕುಡಿದು ಸರಿಸುತ್ತಿದ್ದಳು. ನೀರು ಕೊಟ್ಟರೆ ತುಟಿ ತೋಯಿಸಿಕೊಂಡು ಸಾಕು ಅನ್ನುತ್ತಿದ್ದಳು. ಇವಳು ನನ್ನ ಕೈಬಿಟ್ಟು ಹೋಗುತ್ತಾಳೇನೋ ಎಂಬ ಅಳುಕು ಅವನಿಗೆ ಶುರುವಾಯಿತು.

ಒಂಬತ್ತನೇ ದಿನ ಆಶಾ ಕಾರ್ಯಕರ್ತೆ ಶೀಲಾ ಬಂದಳು. ಪಕ್ಕದ ಮನೆಯ ಹೊಳಿಯಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಗಂಡಸರಿಬ್ಬರನ್ನೂ ಹೊರಗಿರಿಸಿ ಅವಳು ಮಹಮೂದಾಳ ಬೆನ್ನು, ಕಾಲು ಎಲ್ಲ ನೋಡಿದಳು. ಆಮೇಲೆ ಇಬ್ಬರನ್ನೂ ಒಳಗೆ ಕರೆದಳು.

“ಚಾಚಾ, ಸೊಂಟದ ಕೆಳಗ ಚರ್ಮ ಕೆಂಪಾಗೇತಿ. ಮಲಗಿ ಮಲಗಿ ಹುಣ್ಣಾಗೋ ಲಕ್ಷಣ. ವಾಕರ್ ಕೊಟ್ಟಿದ್ರಲ್ಲ, ಎಲ್ಲೈತಿ?”

“ಅಟ್ಟದ ಮ್ಯಾಲೈತಿ.”

“ಡಿಸ್ಚಾರ್ಜ್ ಚೀಟಿ?”

ದಿಂಬಿನ ಕೆಳಗಿಂದ ಕೊಟ್ಟ. ಗುಳಿಗೆ ಬರೆದಿದ್ದ ಪುಟ ಕೈಯಾಡಿಸಿ ಸವೆದಿತ್ತು. ಹಿಂಬದಿಯ ಪುಟ ಹೊಸದರಂತೆಯೇ ಇತ್ತು. ಶೀಲಾ ಅದನ್ನು ಓದಿದಳು: ‘ದಿನಕ್ಕೆ ನಾಲ್ಕು ಸಲ ವಾಕರ್ ಹಿಡಿಸಿ ನಡೆಸಬೇಕು.’

“ಮತ್ತ ಬಿದ್ರ ಯಾರವ್ವಾ ಹೊಣಿ?” ರಹಿಮಾನಸಾಬನ ದನಿ ಏರಿತು. “ನಾ ಹೊರಾಕ ಇದ್ದೇನಲ್ಲ!”

“ನೀವು ಹೊತ್ತಷ್ಟೂ ಚಾಚಿ ಕಾಲಾಗಿನ ಕಸುವು ಹೋಗತೈತಿ. ಮಲಗೇ ಇದ್ರ ಕಾಲಾಗ ರಕ್ತ ಹೆಪ್ಪುಗಟ್ಟಬಹುದು, ಎದ್ಯಾಗ ಕಫ ಕಟ್ಟಬಹುದು.”

ಆಗ ಹೊಳಿಯಪ್ಪ ಬಾಯಿ ಬಿಟ್ಟ.

“ನಮ್ಮ ಮನಿಯಾಕಿ ಬಸವಣ್ಣೆವ್ವ ಬಿದ್ದಾಗ ನಾನೂ ಹಿಂಗ ಮಾಡಿದ್ದೆ, ದೋಸ್ತ. ಮಂಚ ಇಳೀಗೊಡಲಿಲ್ಲ. ಮಂದಿ ನನ್ನ ಭಾಳ ಹೊಗಳಿದ್ರು. ಮೂರು ತಿಂಗಳ ಮ್ಯಾಲೆ ಎಬ್ಬಿಸಿದ್ರ ಕಾಲು ನಿಲ್ಲಲೇ ಇಲ್ಲ. ಬೆನ್ನೆಲ್ಲಾ ಹುಣ್ಣು. ಆಮ್ಯಾಲೆ ಆಕಿ ಹೊಸ್ತಿಲ ದಾಟಿದ್ದು ನಾಕು ಮಂದಿ ಹೆಗಲ ಮ್ಯಾಲೆ.”

ಮಂಚದಿಂದ ಮಹಮೂದಾಳ ದನಿ ಬಂತು.

“ನಾ ನೀರು ಯಾಕ ಬಿಟ್ಟೇನಿ ಗೊತ್ತೇನ್ರಿ? ಕುಡದ್ರ ನಿಮ್ಮನ್ನ ಕರೀಬೇಕು, ನೀವು ಆ ಪಾತ್ರಿ ಹಿಡೀಬೇಕು. ನಾಚಿಕಿಗೆ ಸಾಯಾಕತ್ತೇನಿ. ಬಚ್ಚಲತನಕ ನನ್ನ ಕಾಲಿಲೆ ಹೋಗಾಕ ಬಿಡ್ರಿ, ಮತ್ತೇನೂ ಬ್ಯಾಡ.”

ಇಷ್ಟು ದಿನ ಹತ್ತಿರವೇ ಇದ್ದೂ ಇದು ತನಗೆ ತಿಳಿಯಲಿಲ್ಲವಲ್ಲ ಎಂದು ರಹಿಮಾನಸಾಬನಿಗೆ ಅಳು ಬಂತು. ಕಣ್ಣೊರೆಸಿಕೊಂಡು ಹೋಗಿ ವಾಕರ್ ಇಳಿಸಿ ತಂದ.

ಶೀಲಾ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಇವತ್ತಿನಿಂದಲೇ ನಡೆಸಿ, ನಾಳೆ ಕರೆತಂದು ಬೆನ್ನು ತೋರಿಸಿ ಎಂದರು ಡಾಕ್ಟರ್.

“ಎತ್ತಬ್ಯಾಡ್ರಿ ಚಾಚಾ, ಬಾಜೂಕ ನಿಂದ್ರಿ. ಚಾಚಿ, ಮೊದಲು ವಾಕರ್ ಮುಂದಿಡ್ರಿ. ಆಮ್ಯಾಲೆ ಆಪರೇಷನ್ ಆದ ಕಾಲು. ಕಡೀಗೆ ಗಟ್ಟಿ ಕಾಲು.”

ಹಿಡಿಯಲು ರಹಿಮಾನಸಾಬನ ಕೈ ತಾನಾಗಿಯೇ ಮುಂದೆ ಬರುತ್ತಿತ್ತು. ಬಿಗಿಹಿಡಿದು ನಿಂತ. ಮೂರು ಹೆಜ್ಜೆಗೆ ಅವಳ ಮುಖ ಬೆವೆತು ಕೆಂಪಾಯಿತು. “ಯಾ ಅಲ್ಲಾ” ಎಂದು ನಾಲ್ಕನೆಯದನ್ನು ಇಟ್ಟಳು.

ಅವನು ಬಚ್ಚಲಿನ ಪಾಚಿ ತಿಕ್ಕಿ ತೆಗೆದ. ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದ. ದಿನಕ್ಕೆ ನಾಲ್ಕು ಸಲ ಬಾಜೂಕ ನಿಂತ. ಬೆನ್ನಿನ ಕೆಂಪು ಇಳಿಯಿತು. ಮೂರನೇ ವಾರ ಮಹಮೂದಾ ವಾಕರ್ ಹಿಡಿದು ಬಚ್ಚಲಿಗೆ ಹೋದಳು. ಅವನು ಹೊರಗೆ ಜೀವ ಕೈಯಲ್ಲಿ ಹಿಡಿದು ಕಾದ. ಬಾಗಿಲು ತೆರೆದು ಬಂದವಳು ಅವನನ್ನು ನೋಡಿ, “ಚಹಾ ಇಡ್ರಿ. ಕಪ್ಪು ತುಂಬಿರಲಿ” ಎಂದಳು.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಗೂ ಹಿರಿಯರೊಬ್ಬರು ದವಾಖಾನೆಯಿಂದ ಮರಳಿರಬಹುದು. ಚೀಟಿಯ ಎರಡೂ ಪುಟ ಓದಿ, ಓದಲು ಬಾರದಿದ್ದರೆ ಆಶಾ ಕಾರ್ಯಕರ್ತೆಯಿಂದ ಓದಿಸಿ. ಡಾಕ್ಟರ್ ನಡೆಸಿ ಎಂದಿದ್ದರೆ ಮಂದಿಯ ಮಾತಿಗೆ ಅಂಜಿ ಮಲಗಿಸಬೇಡಿ. ನೀರು ಬಿಟ್ಟಿದ್ದರೆ ಯಾಕೆಂದು ಮೆಲ್ಲಗೆ ಕೇಳಿ. ಒಂದು ಕಾಲು ಬಾತರೆ, ಜ್ವರ ಬಂದರೆ, ಗಾಯ ಸೋರಿದರೆ ಅಂದೇ ದವಾಖಾನೆಗೆ ಹೋಗಿ. ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ನಿಮ್ಮ ಮನೆಯ ವಾಕರ್ ಅಟ್ಟದ ಮೇಲಿದ್ದರೆ ಇವತ್ತೇ ಕೆಳಗಿಳಿಸಿ.